ಮೌತ್‌ಗಾರ್ಡ್ ಸಾಕುವ ಕ್ರಮ: ವಿಲೆ ಪಾರ್ಲೆ ಆವೃತ್ತಿ

ಅಭಿನಂದನೆಗಳು. ನಿಮ್ಮ ಮಗನೋ ಮಗಳೋ ಬಾಕ್ಸಿಂಗ್, ಕರಾಟೆ, ಟೇಕ್ವಾಂಡೋ, ಹಾಕಿ, ರಗ್ಬಿ ಇವುಗಳಲ್ಲಿ ಯಾವುದಾದರೊಂದಕ್ಕೆ ಸೇರಿದ್ದಾರೆ. ಶುಲ್ಕ ಕಟ್ಟಿ ಉಸಿರು ಬಿಡುವಷ್ಟರಲ್ಲಿ ಕೋಚ್ ಸರ್ ಇನ್ನೊಂದು ಪಟ್ಟಿ ಕೈಗಿಟ್ಟಿರುತ್ತಾರೆ. ಗ್ಲೌಸು, ಶಿನ್‌ಗಾರ್ಡು, ಬೂಟು ಎಲ್ಲ ಮುಗಿದು ಪಟ್ಟಿಯ ತಳದಲ್ಲಿ, ಆಮೇಲೆ ನೆನಪಾಗಿ ಸೇರಿಸಿದ ಹಾಗೆ, ‘ಮೌತ್‌ಗಾರ್ಡ್’ ಎಂದಿರುತ್ತದೆ. ಅದನ್ನು ಕೊಂಡು ತಂದಿದ್ದೀರಿ. ಡಬ್ಬಿಯೊಳಗೆ ಎಂಟು ಮಡಿಕೆಯ ಒಂದು ಚೀಟಿ ಇತ್ತು. ಅದರಲ್ಲಿ ಜಗತ್ತಿನ ಹಲವು ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಚೀಟಿ ಈಗಾಗಲೇ ಕಸದ ಬುಟ್ಟಿ ಸೇರಿದೆ. ಆದ್ದರಿಂದ ಈ ಕೈಪಿಡಿ.

ಇದು ವಿಲೆ ಪಾರ್ಲೆಯ ಕನ್ನಡ ಮನೆಗಳಿಗೆಂದು ಬರೆದದ್ದು. ಅಂದರೆ ಒಂದೇ ವಾಶ್‌ಬೇಸಿನ್ನಿನ ಮುಂದೆ ಬೆಳಗ್ಗೆ ಸಾಲು ನಿಲ್ಲುವ, ಬಾಲ್ಕನಿಗೆ ಗ್ರಿಲ್ಲು ಹಾಕಿಸಿ ಅದರಲ್ಲಿ ತುಳಸಿಯನ್ನೂ ವಾಷಿಂಗ್ ಮಶೀನನ್ನೂ ಅಕ್ಕಪಕ್ಕ ಕೂರಿಸಿದ, ಊರಿನಿಂದ ಬಂದ ಅಜ್ಜಿ ‘ಮಳೆ ಬಿಟ್ಟ ಮೇಲೆ ಹೋಗ್ತೇನೆ’ ಎನ್ನುತ್ತಾ ದೀಪಾವಳಿಯವರೆಗೂ ಇರುವ ಮನೆಗಳು. ಸಾಂತಾಕ್ರೂಜ್, ಅಂಧೇರಿಯವರೂ ಬಳಸಬಹುದು. ಮಾಟುಂಗದವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಬಳಸಿಕೊಳ್ಳತಕ್ಕದ್ದು.

ಸಾಧನದ ಪರಿಚಯ

ಕುದುರೆಲಾಳದ ಆಕಾರ, ಮೇಲಿನ ಹಲ್ಲಿನ ಸಾಲು ಕೂರುವಷ್ಟು ತಗ್ಗು, ಮೆತ್ತನೆಯ ಮೈ. ಬಹುಪಾಲು ಗಾರ್ಡುಗಳು ಇಥಿಲೀನ್ ವಿನೈಲ್ ಅಸಿಟೇಟ್ ಎಂಬ ವಸ್ತುವಿನಿಂದ ಆದವು. ಅಂಗಡಿಯವರ ಬಾಯಲ್ಲಿ ಇವಿಎ. ಇದನ್ನೇ ನೊರೆಯಂತೆ ಉಬ್ಬಿಸಿದರೆ ಹಗುರ ಚಪ್ಪಲಿಯ ಅಟ್ಟೆಯಾಗುತ್ತದೆ, ಓಟದ ಬೂಟಿನ ಮೆತ್ತೆಯಾಗುತ್ತದೆ. ಶಾಲೆಯ ಪ್ರಾಜೆಕ್ಟಿಗೆ ಮಕ್ಕಳು ಗನ್ನಿಗೆ ಹಾಕಿ ಕರಗಿಸುವ ಅಂಟುಕಡ್ಡಿಯೂ ಸಾಮಾನ್ಯವಾಗಿ ಇದೇ ಬಳಗದ್ದು. ಹೊಸಿಲಾಚೆ ಬಿಡಬೇಕಾದ್ದರ ನೆಂಟನನ್ನು ಬಾಯೊಳಗೆ ಇಟ್ಟುಕೊಳ್ಳುತ್ತಿದ್ದೇವೆ ಎಂಬುದನ್ನು ಅಜ್ಜಿಗೆ ಹೇಳಬೇಕಾಗಿಲ್ಲ. ನೀವು ಮಾತ್ರ ಮರೆಯಬೇಡಿ: ಬಿಸಿ ತಾಗಿದರೆ ಅಂಟುಕಡ್ಡಿ ಹಿಡಿಯುವ ದಾರಿಯನ್ನೇ ಗಾರ್ಡೂ ಹಿಡಿಯುತ್ತದೆ. ಈ ಕೈಪಿಡಿಯ ಅರ್ಧ ಭಾಗ ಹುಟ್ಟಿದ್ದು ಈ ಒಂದು ಸಂಗತಿಯಿಂದ.

ಇದರ ಕೆಲಸ ಎರಡು. ಹೊಡೆತ ಒಂದೇ ಹಲ್ಲಿನ ಮೇಲೆ ಬೀಳದೆ ಇಡೀ ಸಾಲಿಗೆ ಹಂಚಿಹೋಗುವಂತೆ ಮಾಡುವುದು. ತುಟಿಯೂ ಕೆನ್ನೆಯೂ ತನ್ನದೇ ಹಲ್ಲಿಗೆ ಸಿಕ್ಕಿ ಸೀಳದಂತೆ ನಡುವೆ ನಿಲ್ಲುವುದು. ಎರಡನೆಯದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಗಾರ್ಡಿನ ಇತಿಹಾಸ ತಿರುಗಿದ್ದೇ ಅಲ್ಲಿ. 1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಬಾಕ್ಸರುಗಳ ತುಟಿ ಉಳಿಸಲೆಂದೇ ಗಟಾಪರ್ಚಾದ ಪಟ್ಟಿಗಳನ್ನು ಅವರ ಮೇಲ್ಹಲ್ಲಿಗೆ ಕೂರಿಸುತ್ತಿದ್ದರು. ಗಟಾಪರ್ಚಾ ಎಂದರೆ ಮಲಯ ಕಡೆಯ ಒಂದು ಮರದ ಹಾಲು ಹೆಪ್ಪುಗಟ್ಟಿ ಆಗುವ ವಸ್ತು. ಅದು ಮುಂಬಯಿಗೆ ಅಪರಿಚಿತವೇನಲ್ಲ. 1870ರಲ್ಲಿ ‘ಗ್ರೇಟ್ ಈಸ್ಟರ್ನ್’ ಹಡಗು ಬೊಂಬಾಯಿಯಿಂದ ಏಡನ್ನಿಗೆ ಸಮುದ್ರದಡಿ ಎಳೆದ ತಂತಿಗೂ ಸುತ್ತಿದ್ದು ಗಟಾಪರ್ಚಾವನ್ನೇ. ರೂಟ್ ಕೆನಾಲ್ ಮಾಡಿಸಿಕೊಂಡವರ ಹಲ್ಲಿನೊಳಗೆ ಇವತ್ತಿಗೂ ಅದು ಕೂತಿದೆ. ವೃತ್ತಿಪರ ಬಾಕ್ಸರುಗಳಲ್ಲಿ ಗಾರ್ಡನ್ನು ಮೊದಮೊದಲು ತೊಟ್ಟವನೆಂದು ಟೆಡ್ ‘ಕಿಡ್’ ಲೂಯಿಸನ ಹೆಸರು ಹೇಳುತ್ತಾರೆ. ಅವನ ಎದುರಾಳಿಗಳಿಗೆ ಇದು ಮೋಸದಂತೆ ಕಂಡಿತು. ಆಮೇಲೆ 1927ರಲ್ಲಿ ನ್ಯೂಯಾರ್ಕಿನಲ್ಲಿ ಮೈಕ್ ಮೆಕ್‌ಟೀಗ್, ಜಾಕ್ ಶಾರ್ಕಿಯ ಎದುರು ಮೇಲುಗೈ ಆಗಿದ್ದಾಗಲೇ, ತನ್ನದೇ ಚೂರಾದ ಹಲ್ಲು ತುಟಿಯನ್ನು ಕೊಯ್ದು ಪಂದ್ಯ ಕಳೆದುಕೊಂಡ. ಆಗ ಎಲ್ಲರಿಗೂ ಗಾರ್ಡಿನ ಮೇಲೆ ಪ್ರೀತಿ ಬಂತು.

ಅಂಗಡಿಯಲ್ಲಿ ಸಿಗುವುದು ಎರಡು ಜಾತಿ: ಸುಮ್ಮನೆ ಬಾಯಿಗಿಟ್ಟು ಕಚ್ಚಿ ಹಿಡಿಯಬೇಕಾದ್ದು (ಬಾಯಿ ಬಿಟ್ಟರೆ ಬೀಳುತ್ತದೆ, ಬೇಡ) ಮತ್ತು ಬಿಸಿನೀರಲ್ಲಿ ಮೆದುಮಾಡಿ ಹಲ್ಲಿಗೆ ಕೂರಿಸಿಕೊಳ್ಳುವುದು. ಮೂರನೆಯದನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಹಲ್ಲಿನ ಅಚ್ಚು ತೆಗೆದು, ಜಿಪ್ಸಮ್ಮಿನಲ್ಲಿ ಮಾದರಿ ಎರೆದು, ಕಾಯಿಸಿದ ಇವಿಎ ಹಾಳೆಯನ್ನು ಗಾಳಿ ಎಳೆದು ಅದರ ಮೇಲೆ ಕೂರಿಸುವ ಕೆಲಸ. ಮಗುವಿನ ಹಲ್ಲಿಗೆ ತಂತಿ ಕಟ್ಟಿಸಿದ್ದರೆ ಇದೇ ಆಗಬೇಕು. ದುಡ್ಡಿನ ಚಿಂತೆಯಿದ್ದರೆ, 1933ರಿಂದಲೂ ಹಲ್ಲು ನೋಡುತ್ತಿರುವ ಪಾಲಿಕೆಯ ನಾಯರ್ ದಂತ ಕಾಲೇಜು ಮುಂಬಯಿ ಸೆಂಟ್ರಲ್‌ನಲ್ಲಿದೆ. ಅಲ್ಲಿ ವಿಚಾರಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಬಣ್ಣದ ವಿಷಯ. ನಿಮ್ಮ ಮಗ ರಾಕ್ಷಸನ ಕೋರೆಹಲ್ಲು ಬಿಡಿಸಿದ ಕೆಂಪು ಗಾರ್ಡಿಗೇ ಕೈ ಹಾಕುತ್ತಾನೆ. ಅವನದು ಬಾಕ್ಸಿಂಗ್ ಆದರೆ ಕೆಂಪು ಬೇಡ. ಹವ್ಯಾಸಿ ಬಾಕ್ಸಿಂಗಿನ ನಿಯಮದಲ್ಲಿ ಕೆಂಪು ನಿಷಿದ್ಧ, ಏಕೆಂದರೆ ರಕ್ತ ಬಂದದ್ದು ರೆಫ್ರಿಗೆ ತಿಳಿಯಬೇಕು. ಟೇಕ್ವಾಂಡೋದಲ್ಲಿ ಬಿಳಿ ಅಥವಾ ಪಾರದರ್ಶಕ ಮಾತ್ರ. ಕರಾಟೆಯ ಅಂತರರಾಷ್ಟ್ರೀಯ ನಿಯಮ ಗಾರ್ಡ್ ತೊಡುವುದೇ ಕಡ್ಡಾಯ ಎನ್ನುತ್ತದೆ. ಹಾಕಿಯ ನಿಯಮ ಶಿಫಾರಸು ಮಾತ್ರ ಮಾಡಿ ಸುಮ್ಮನಾಗಿದೆ, ಅದು ಯಾಕೋ ನನಗೆ ಇನ್ನೂ ಅರ್ಥವಾಗಿಲ್ಲ. ಚೆಂಡು ಗಟ್ಟಿಯಾಗಿಯೇ ಇದೆ.

ಮೂಲ ನಿಯಮ: ಎಂಜಲು

ಸ್ವಚ್ಛತೆಯ ಬಗ್ಗೆ ಕಂಪನಿಯ ಚೀಟಿಯಲ್ಲಿ ಇದ್ದುದನ್ನೆಲ್ಲ ನಮ್ಮ ಅಜ್ಜಿಯಂದಿರು ಹೇಳಿ ಮುಗಿಸಿ ಯಾವ ಕಾಲವಾಯಿತೋ. ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿ. ಕಚ್ಚಿದ್ದನ್ನು ಇನ್ನೊಬ್ಬರಿಗೆ ಕೊಡಬೇಡ. ಎಂಜಲು ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡ. ಉಂಡ ತಟ್ಟೆಯನ್ನು ಒಣಗಲು ಬಿಡಬೇಡ, ಆಗಲೇ ತೊಳೆ. ಮಡಿಮೈಲಿಗೆಯ ಹೆಸರಲ್ಲಿ ಮನುಷ್ಯರನ್ನು ದೂರ ನಿಲ್ಲಿಸಿದ ಭಾಗ ನಮಗೆ ಬೇಡ, ಅದು ಹಾಳಾಗಲಿ. ಎಂಜಲಿನ ಶಿಸ್ತು ಬೇಕು.

ವಿಚಿತ್ರ ನೋಡಿ, ಬಾಟಲಿಗೆ ತುಟಿ ತಾಗಿಸಿ ನೀರು ಕುಡಿದರೆ ಗದ್ದಲವಾಗುವ ಮನೆಯಲ್ಲೇ, ಇಡೀ ಸಂಜೆ ಜೊಲ್ಲಿನಲ್ಲಿ ನೆನೆದ ಗಾರ್ಡ್ ಬೆವರಿದ ಕಾಲುಚೀಲದೊಳಗೆ ಹೊಕ್ಕು ಮರುದಿನ ಸಂಜೆಯವರೆಗೆ ನಿದ್ದೆ ಹೊಡೆಯುತ್ತದೆ. ಬೂಟಿಗೆ ಪಾಲಿಶ್ ಇದೆ, ಗ್ಲೌಸಿಗೆ ಪೌಡರ್ ಇದೆ, ಹಾಕಿ ಸ್ಟಿಕ್ಕಿಗೆ ಹೊಸ ಗ್ರಿಪ್ ಇದೆ. ಇಡೀ ಚೀಲದಲ್ಲಿ ಬಾಯೊಳಗೆ ಹೋಗುವ ಒಂದೇ ಒಂದು ವಸ್ತುವಿಗೆ ಮಾತ್ರ ಯಾರೂ ದಿಕ್ಕಿಲ್ಲ. ಹುಡುಗನನ್ನು ಕೇಳಿದರೆ, ‘ನನ್ನದೇ ಬಾಯಿ ಅಲ್ವಾ’ ಎನ್ನುತ್ತಾನೆ.

ಅವನ ಬಾಯಿ ಮಾತ್ರ ಅಲ್ಲ. ಅಮೆರಿಕದ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಗ್ಲಾಸ್ ಎಂಬ ದಂತರೋಗ ತಜ್ಞರು ಆಟಗಾರರು ಬಳಸಿದ ಗಾರ್ಡುಗಳನ್ನು ತಂದು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಮೂರೂ ಅದರಲ್ಲಿ ಸಂಸಾರ ಹೂಡಿದ್ದವು. ಗಾರ್ಡಿನ ಅಂಚು ಸವೆದು ಗರಗಸವಾದರೆ ಅದು ಒಸಡನ್ನೂ ಕೆನ್ನೆಯ ಒಳಮೈಯನ್ನೂ ಗೀರುತ್ತದೆ. ಆ ಗೀರೇ ಇವುಗಳಿಗೆ ಒಳಬಾಗಿಲು. ಹೀಗಾಗಿ ಗಾರ್ಡಿನ ಕೊಳೆ ಮತ್ತು ಗಾರ್ಡಿನ ಸವೆತ ಎರಡು ಬೇರೆ ದೂರುಗಳಲ್ಲ.

ಆದ್ದರಿಂದ ಅಜ್ಜಿಯ ಕಾನೂನನ್ನು ಗಾರ್ಡಿಗೆ ಪೂರ್ತಿ ಅನ್ವಯಿಸಿ. ಎರಡು ಕಲಮು ಬಿಟ್ಟು. ಅವು ಬಿಸಿನೀರು ಮತ್ತು ಬಿಸಿಲು.

ಮೊದಲ ದಿನ

ನೀರು ಕುದಿಸಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡು ಗಾರ್ಡನ್ನು ಅದರಲ್ಲಿ ಬಿಟ್ಟು, ಚಮಚದಲ್ಲಿ ಎತ್ತಿ, ತಣ್ಣೀರಿಗೆ ಒಮ್ಮೆ ತೋರಿಸಿ, ಕನ್ನಡಿಯ ಮುಂದೆ ಮೇಲ್ಹಲ್ಲಿಗೆ ಕೂರಿಸಿ. ಕಚ್ಚಿ, ಒಳಗಿನ ಗಾಳಿಯನ್ನು ಎಳೆದುಕೊಂಡು, ಹೊರಗಿಂದ ಬೆರಳಲ್ಲಿ, ಒಳಗಿಂದ ನಾಲಗೆಯಲ್ಲಿ ಒತ್ತಬೇಕು. ಆಮೇಲೆ ತಣ್ಣೀರು. ಕುದಿನೀರಿನ ಕೆಲಸ ದೊಡ್ಡವರದು, ಕಚ್ಚುವ ಕೆಲಸ ಮಕ್ಕಳದು. ಬಾಯಿ ಅಗಲಿಸಿದಾಗ ಗಾರ್ಡ್ ತಾನಾಗಿ ಬೀಳದಿದ್ದರೆ, ಅದನ್ನು ತೊಟ್ಟು ತನ್ನ ಹೆಸರು ಹೇಳಿದರೆ ನಿಮಗೆ ತಿಳಿದರೆ, ಕೂರಿಸಿದ್ದು ಸರಿಯಾಗಿದೆ.

ಕುದಿಯುವ ನೀರಿಗೂ ಗಾರ್ಡಿಗೂ ಇರುವ ಸಂಬಂಧ ಅಲ್ಲಿಗೆ ಮುಗಿಯಿತು. ಆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಚಹಾ ಮಾಡಿಕೊಳ್ಳಿ. ಬೇರೆ ಪಾತ್ರೆಯಲ್ಲಿ.

ಪ್ರತಿದಿನ

ಮೈದಾನದಲ್ಲಿ: ಬಾಯಿಗಿಡುವ ಮೊದಲು ಒಮ್ಮೆ, ತೆಗೆದ ಕೂಡಲೇ ಇನ್ನೊಮ್ಮೆ ತಣ್ಣೀರಲ್ಲಿ ಜಾಲಾಡಿಸುವುದು, ಕೊಡಹುವುದು, ತೂತುಗಳಿರುವ ಡಬ್ಬಿಗೆ ಹಾಕುವುದು. ತೂತಿಲ್ಲದ ಡಬ್ಬಿ ಬಂದಿದ್ದರೆ ಅಂಗಡಿಯವರನ್ನು ಬಯ್ಯುತ್ತಾ ಕೂರಬೇಡಿ, ಬದಲಿಸಿ. ಗಾಳಿಯಾಡದ ಒದ್ದೆ ಡಬ್ಬಿಗಿಂತ ಕಾಲುಚೀಲವೇ ಒಂದು ಕೈ ಮೇಲು ಎನ್ನಬೇಕಾಗುತ್ತದೆ, ಹಾಗೆ ಹೇಳಲು ನನಗೆ ಮನಸ್ಸಿಲ್ಲ.

ಮನೆಯಲ್ಲಿ: ಮೆತ್ತನೆಯ ಹಲ್ಲುಜ್ಜುವ ಬ್ರಶ್ಶು, ಗಾರ್ಡಿಗೆಂದೇ ಬೇರೆ ಇಟ್ಟದ್ದು. ಎರಡು ಹನಿ ಸೌಮ್ಯ ದ್ರವಸೋಪು. ತಣ್ಣೀರು. ಒಳಗಿನ ತಗ್ಗನ್ನೂ ಅಂಚಿನ ತಿರುವನ್ನೂ ಮೃದುವಾಗಿ ಉಜ್ಜಿ, ಸೋಪಿನ ಜಾರು ಹೋಗುವವರೆಗೆ ತೊಳೆಯುವುದು. ಹಲ್ಲಿಗೆ ಹಾಕುವ ಪೇಸ್ಟು ಗಾರ್ಡಿಗೆ ಬೇಡ. ಅದರಲ್ಲಿರುವ ಉಜ್ಜುಪುಡಿ ಮೆತ್ತನೆಯ ಮೈಯಲ್ಲಿ ಸಣ್ಣ ಗೀರು ಎಳೆಯುತ್ತದೆ, ಗೀರಿನಲ್ಲಿ ಕೊಳೆ ಮನೆ ಮಾಡುತ್ತದೆ. ಪಾತ್ರೆಯ ಬಿಲ್ಲೆ, ತೆಂಗಿನ ನಾರು, ಹುಣಸೆಹಣ್ಣು, ಬಟ್ಟೆಯ ಬ್ಲೀಚು, ನೆಲ ಒರೆಸುವ ಫಿನಾಯಿಲು ಇವ್ಯಾವುವೂ ಬೇಡ. ತಾಮ್ರದ ಹಂಡೆ ಬೆಳಗಿದ ಕೈಗಳಿಗೆ ಇದನ್ನು ಒಪ್ಪಿಸುವುದು ಕಷ್ಟ ಎಂದು ಗೊತ್ತಿದೆ. ಮನೆಗೆಲಸದವರ ಕೈಗೂ ಸಿಗದ ಹಾಗೆ ಇಡಿ. ಅವರು ಗಾರ್ಡನ್ನು ಕುಕ್ಕರಿನ ಗ್ಯಾಸ್ಕೆಟ್ಟೆಂದು ತಿಳಿದು ಸಿಂಕಿಗೆ ಹಾಕಿದರೆ ತಪ್ಪು ಅವರದಲ್ಲ.

ಪಾಲಿಕೆಯ ನೀರು ಗಡಿಯಾರ ನೋಡಿಕೊಂಡು ಬರುವ ಸೊಸೈಟಿಗಳವರು ಸಿಟ್ಟಾಗಬೇಡಿ: ಗಾರ್ಡ್ ತೊಳೆಯಲು ಒಂದು ಲೋಟ ಸಾಕು. ನಲ್ಲಿ ಪೂರ್ತಿ ಬಿಟ್ಟು, ಕನ್ನಡಿಯಲ್ಲಿ ತೋಳಿನ ಸ್ನಾಯು ನೋಡಿಕೊಳ್ಳುತ್ತಾ ತೊಳೆಯುವ ಪದ್ಧತಿಯನ್ನು ಈ ಕೈಪಿಡಿ ಮಾನ್ಯ ಮಾಡುವುದಿಲ್ಲ.

ವಾರಕ್ಕೊಮ್ಮೆ ಮದ್ಯಸಾರ ಇಲ್ಲದ ಮೌತ್‌ವಾಶಿನಲ್ಲೋ, ಕಟ್ಟಿಸಿದ ಹಲ್ಲು ತೊಳೆಯುವ ಮಾತ್ರೆ ಕರಗಿಸಿದ ತಣ್ಣೀರಿನಲ್ಲೋ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಇಲ್ಲೊಂದು ಎಚ್ಚರಿಕೆ. ಆ ಮಾತ್ರೆ ಮನೆಯಲ್ಲಿ ಮೊದಲೇ ಇದೆ ಎಂದರೆ ಕಟ್ಟಿಸಿದ ಹಲ್ಲಿನ ಅಜ್ಜನೂ ಇದ್ದಾರೆ ಎಂದಾಯಿತು. ವಾಶ್‌ಬೇಸಿನ್ನಿನ ಮೇಲಿನ ಹಲಗೆಯಲ್ಲಿ ಎರಡು ಸ್ಟೀಲ್ ಲೋಟ, ಎರಡರಲ್ಲೂ ಗುಳ್ಳೆ, ಒಂದರಲ್ಲಿ ಅಜ್ಜನ ಸೆಟ್ಟು, ಇನ್ನೊಂದರಲ್ಲಿ ಮೊಮ್ಮಗನ ಗಾರ್ಡ್. ಬೆಳಗಿನ ಮಬ್ಬಿನಲ್ಲಿ ಕೈ ಯಾವ ಲೋಟಕ್ಕೆ ಹೋದೀತು? ‘ಏ ಮಗಾ, ನನ್ನ ಹಲ್ಲು ರಾತ್ರಿಯಿಡೀ ನೆನೆದು ರಬ್ಬರಾಯಿತಾ ಎಂತ?’ ಎಂಬ ಪ್ರಶ್ನೆ ಬಾರದಿರಬೇಕಾದರೆ ಗಾರ್ಡಿನ ಲೋಟ ಪ್ಲಾಸ್ಟಿಕ್ಕಿನದಾಗಿರಲಿ, ಬಣ್ಣದ್ದಾಗಿರಲಿ.

ಮಾತ್ರೆ ಹಂಚಿಕೊಳ್ಳಬಹುದು. ಗಾರ್ಡ್ ಹಂಚಿಕೊಳ್ಳುವಂತಿಲ್ಲ, ಅಣ್ಣತಮ್ಮಂದಿರಾದರೂ ಸರಿ. ತುಟಿಯ ಹುಣ್ಣಿನಿಂದ ಗಂಟಲುನೋವಿನವರೆಗೆ ಎಲ್ಲವೂ ಆ ದಾರಿಯಲ್ಲಿ ಹೋಗುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ 60 ಕುಟುಂಬಗಳನ್ನು ಕೂಡಿಸಿ ಶುರುಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೇ ಒಂದೊಂದು ತಂಡ. ಅಪ್ಪ, ಮಗಳು, ಚಿಕ್ಕಪ್ಪ ಒಂದೇ ಬಣ್ಣದ ಜರ್ಸಿಯಲ್ಲಿ ಇಳಿಯುತ್ತಾರೆ. ಜರ್ಸಿ ಒಂದೇ ಇರಲಿ. ಬಾಯಿ ಬೇರೆ ಬೇರೆ.

ಬಿಸಿಲು, ಮಳೆ, ಕಾಗೆ

ಏಪ್ರಿಲ್ ಮೇ ತಿಂಗಳಲ್ಲಿ ಅಪಾಯ ಬಿಸಿಲಿನದು. ಅಜ್ಜಿಯ ಶಾಸ್ತ್ರದಲ್ಲಿ ಒಣಗಬೇಕಾದ್ದು ಯಾವುದೇ ಇರಲಿ, ಅದರ ಜಾಗ ಬಿಸಿಲು. ಹಪ್ಪಳ, ಸಂಡಿಗೆ, ಹಲಸಿನ ಬೀಜ, ಮೆಣಸು, ಹಾಸಿಗೆ, ಎಲ್ಲದರ ಸಾಲಿನಲ್ಲಿ ಟೆರೇಸಿನ ಹಳೆಯ ಸೀರೆಯ ಮೇಲೆ ಮೊಮ್ಮಗಳ ಗಾರ್ಡೂ ಕೂತಿರುತ್ತದೆ. ಅವರ ಉದ್ದೇಶ ಒಳ್ಳೆಯದು. ಸಂಜೆ ಹಪ್ಪಳ ಗರಿಗರಿ ಆಗಿರುತ್ತದೆ, ಗಾರ್ಡ್ ಮಾತ್ರ ತನ್ನ ಆಕಾರದ ಬಗ್ಗೆ ಮನಸ್ಸು ಬದಲಿಸಿರುತ್ತದೆ. ಹೀಗೆ ಬಾಗಿದ್ದನ್ನು ಬಲವಂತವಾಗಿ ಹಲ್ಲಿಗೆ ಒತ್ತಿಕೊಂಡು ಆಡುವುದು ಇಲ್ಲದೆ ಆಡುವುದಕ್ಕಿಂತ ಹೆಚ್ಚೇನೂ ಉಪಯೋಗವಲ್ಲ. ನಿಂತ ಕಾರಿನ ಡ್ಯಾಶ್‌ಬೋರ್ಡಿಗೂ, ಸ್ಕೂಟರಿನ ಡಿಕ್ಕಿಗೂ ಇದೇ ಮಾತು.

ಜೂನ್ ಬಂದರೆ ತೊಂದರೆ ತಿರುಗಿ ನಿಲ್ಲುತ್ತದೆ. ಪಾರ್ಲೆಯ ಮಳೆಗಾಲವನ್ನು ಅಂಕಿಯಲ್ಲಿ ಹೇಳುವ ಅಗತ್ಯವಿಲ್ಲ. ಆದರೂ ನಮ್ಮ ಪಕ್ಕದ ಸ್ಟೇಷನ್ನು ಸಾಂತಾಕ್ರೂಜಿನ ಹವಾಮಾನ ಕೇಂದ್ರ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಬರೆದುಕೊಂಡದ್ದನ್ನು ಇಲ್ಲಿನವರು ಮರೆಯುವುದಿಲ್ಲ. ಅಂಥ ದಿನ ಬೇಡ, ಸಾಧಾರಣ ಜುಲೈಯಲ್ಲೇ ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು, ಕಪಾಟಿನ ಪುಸ್ತಕಕ್ಕೆ ಮುಗ್ಗಲು ವಾಸನೆ. ಆ ಗಾಳಿಯಲ್ಲಿ ಒದ್ದೆ ಗಾರ್ಡನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ನೀವು ಅದನ್ನು ಕಾಪಾಡುತ್ತಿಲ್ಲ, ಬೆಳೆಸುತ್ತಿದ್ದೀರಿ. ಶುದ್ಧ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಆಮೇಲೆ ಡಬ್ಬಿಯ ಮುಚ್ಚಳ ತೆರೆದು ಹಾಲಿನ ಫ್ಯಾನಿನ ಕೆಳಗೆ ಇಡಿ. ರಾತ್ರಿಯಿಡೀ ಹೇಗೂ ಫ್ಯಾನು ತಿರುಗುತ್ತದೆ. ಡಬ್ಬಿಯನ್ನೂ ತೊಳೆದು ಒಣಗಿಸಬೇಕು. ಗಾರ್ಡ್ ತೊಳೆದು ಕೊಳೆ ಡಬ್ಬಿಗೆ ಹಾಕುವವರ ಸಂಖ್ಯೆ ಈ ಊರಲ್ಲಿ ಕಡಿಮೆಯೇನಿಲ್ಲ.

ಬಾಲ್ಕನಿಯ ಗ್ರಿಲ್ಲಿನ ಮೇಲೆ ಇಡಬೇಡಿ. ಪಾರಿವಾಳ ಏನು ಮಾಡುತ್ತದೆಂದು ನಿಮಗೆ ಗೊತ್ತು. ಕಾಗೆ ಇನ್ನೂ ಮುಂದೆ ಹೋಗಿ ಗಾರ್ಡನ್ನೇ ಎತ್ತಿಕೊಂಡು ಹೋಗುತ್ತದೆ. ದೇವರ ಕೋಣೆಯ ಹತ್ತಿರದ ಕಪಾಟಿನಲ್ಲೂ ಬೇಡ. ಅದರ ಕಾರಣ ವೈಜ್ಞಾನಿಕವಲ್ಲ, ಕೌಟುಂಬಿಕ.

ವಾಸನೆಯ ಬಗ್ಗೆ ಸ್ಥಳೀಯ ಟಿಪ್ಪಣಿ

ಹಿಂದೆ ಪಾರ್ಲೆಯವರಿಗೆ ಒಂದು ಅನುಕೂಲವಿತ್ತು. 1929ರಲ್ಲಿ ಶುರುವಾದ ಬಿಸ್ಕತ್ತಿನ ಕಾರ್ಖಾನೆ ಸ್ಟೇಷನ್ನಿನ ಪೂರ್ವಕ್ಕೆ ಇದ್ದಷ್ಟು ಕಾಲ, ಲೋಕಲ್ಲಿನಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಊರು ಬಂದದ್ದು ಮೂಗಿನಿಂದಲೇ ತಿಳಿಯುತ್ತಿತ್ತು. ಆ ಸಿಹಿ ವಾಸನೆಯ ಮುಂದೆ ಯಾವ ಹುಡುಗನ ಯಾವ ಚೀಲದ ಯಾವ ವಾಸನೆಯೂ ನಿಲ್ಲುತ್ತಿರಲಿಲ್ಲ. 2016ರಲ್ಲಿ ಅಲ್ಲಿಯ ಉತ್ಪಾದನೆ ನಿಂತಿತು. ಅಂದಿನಿಂದ ನಮ್ಮ ಗಾರ್ಡುಗಳ ವಾಸನೆಗೆ ನಾವೇ ಹೊಣೆ.

ಅತ್ತರು, ಡಿಯೋಡರೆಂಟ್ ಹೊಡೆದು ಮುಚ್ಚುವ ಪ್ರಯತ್ನ ಬೇಡ. ಅದು ಬಾಯಿಗೆ ಹೋಗುವ ವಸ್ತು. ಸೋಪಿನಲ್ಲಿ ತೊಳೆದು, ಮಾತ್ರೆಯ ನೀರಲ್ಲಿ ನೆನೆಸಿ, ಪೂರ್ತಿ ಒಣಗಿಸಿದ ಮೇಲೂ ವಾಸನೆ ಬಂದರೆ ಕೊಳೆ ಒಳಗಿಳಿದಿದೆ ಎಂದರ್ಥ. ಹೊಸದು ಕೊಳ್ಳಿ.

ಪ್ರಯಾಣ ಮತ್ತು ಪಂದ್ಯ

ಲೋಕಲ್ಲಿನಲ್ಲಿ ಚೀಲವನ್ನು ಮೇಲಿನ ಹಲಗೆಗೆ ಎಸೆಯುವುದು ಇಲ್ಲಿನ ಕುಲಪದ್ಧತಿ. ಅದರ ಮೇಲೆ ಹತ್ತು ಚೀಲ ಬೀಳುತ್ತವೆ, ಒಂದರಲ್ಲಿ ಸಾಣೆಯಂಗಡಿಯ ಸಾಮಾನೂ ಇರಬಹುದು. ಆದ್ದರಿಂದ ಡಬ್ಬಿ ಗಟ್ಟಿಯದಾಗಿರಲಿ, ಚೀಲದ ನಡುವಿನಲ್ಲಿರಲಿ, ಊಟದ ಡಬ್ಬದಿಂದ ದೂರವಿರಲಿ. ಬಿಸಿ ಪೋಹೆಯ ಡಬ್ಬಕ್ಕೆ ಒತ್ತಿಕೊಂಡ ಗಾರ್ಡ್ ಚರ್ಚ್‌ಗೇಟ್ ತಲುಪುವಷ್ಟರಲ್ಲಿ ಹದ ಕೆಟ್ಟಿರುತ್ತದೆ.

ಗಾರ್ಡ್ ತೊಟ್ಟುಕೊಂಡೇ ವಡಾಪಾವ್ ತಿನ್ನಲು ಪ್ರಯತ್ನಿಸಿದವರಿಗೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

ಅಗಿಯಬೇಡಿ. ದೊಡ್ಡವರ ಉದಾಹರಣೆ ತೋರಿಸುತ್ತಾರೆ, ಗೊತ್ತು. ಬ್ಯಾಸ್ಕೆಟ್‌ಬಾಲಿನ ಸ್ಟೀಫನ್ ಕರಿ ಗಾರ್ಡನ್ನು ಅರ್ಧ ಹೊರಗೆ ನೇತುಹಾಕಿ ಅಗಿಯುವುದನ್ನು ನೋಡಿ ಪಾರ್ಲೆಯ ಮಕ್ಕಳೂ ಕಲಿತಿದ್ದಾರೆ. ಅದೇ ಕರಿ 2016ರ ಫೈನಲ್ಸಿನ ಆರನೆಯ ಪಂದ್ಯದಲ್ಲಿ ಸಿಟ್ಟಿನಿಂದ ಗಾರ್ಡ್ ಎಸೆದು, ಅದು ಪ್ರೇಕ್ಷಕನೊಬ್ಬನಿಗೆ ತಾಗಿ, 25,000 ಡಾಲರ್ ದಂಡ ಕಟ್ಟಿದ. ಮರುವರ್ಷ ಅವನು ಬಳಸಿ ಬಿಟ್ಟ ಒಂದು ಗಾರ್ಡ್ ಹರಾಜಿನಲ್ಲಿ 3,190 ಡಾಲರಿಗೆ ಹೋಯಿತು. ಎಂಜಲಿಗೆ ಅಷ್ಟು ಬೆಲೆ ಬರುವವರೆಗೆ ನಿಮ್ಮ ಮಗ ಅಗಿಯದಿರಲಿ. ಅಗಿದ ಗಾರ್ಡ್ ತೆಳುವಾಗುತ್ತದೆ. ಮುಂಭಾಗದಲ್ಲಿ ಸುಮಾರು 3 ಮಿಲಿಮೀಟರ್ ದಪ್ಪ ಬೇಕೆಂದು ದಂತವೈದ್ಯರು ಹೇಳುವುದು ಸುಮ್ಮನೆ ಅಲ್ಲ, ಆ ದಪ್ಪವೇ ಪೆಟ್ಟು ಹೀರುವುದು.

ನೆಲಕ್ಕೆ ಬಿದ್ದ ಗಾರ್ಡನ್ನು ಎತ್ತಿ ಪ್ಯಾಂಟಿಗೆ ಒರೆಸಿ ಬಾಯಿಗಿಡುವವರು 1990ರ ಫೆಬ್ರವರಿ 11ರ ಟೋಕಿಯೋ ಪಂದ್ಯವನ್ನು ಒಮ್ಮೆ ನೋಡಬೇಕು. ಹತ್ತನೆಯ ಸುತ್ತಿನಲ್ಲಿ ಬಸ್ಟರ್ ಡಗ್ಲಸನ ಹೊಡೆತಕ್ಕೆ ಬಿದ್ದ ಮೈಕ್ ಟೈಸನ್, ಲೋಕವೇ ಸೋಲಿಲ್ಲದವನೆಂದು ನಂಬಿದ್ದ ಟೈಸನ್, ಮೊಣಕಾಲೂರಿ ಕ್ಯಾನ್‌ವಾಸಿನ ಮೇಲೆ ತನ್ನ ಗಾರ್ಡಿಗೆ ತಡಕಾಡಿದ. ಸಿಕ್ಕಿತು. ತುದಿಯನ್ನು ಹೇಗೋ ಕಚ್ಚಿಕೊಂಡ, ಉಳಿದದ್ದು ಬಾಯಿಂದ ಹೊರಗೆ ನೇತಾಡುತ್ತಿತ್ತು. ರೆಫ್ರಿ ಎಣಿಸಿ ಮುಗಿಸಿಯಾಗಿತ್ತು. ಅವನ ಆ ಸ್ಥಿತಿಯಲ್ಲಿ ತೊಳೆಯಲು ಹೇಳುವುದು ಕ್ರೂರತನ. ಆದರೆ ನಿಮ್ಮ ಮಗ ಆಡುತ್ತಿರುವುದು ಭಾನುವಾರದ ಅಭ್ಯಾಸಪಂದ್ಯ. ನೀರಿನ ಬಾಟಲಿ ಹತ್ತು ಹೆಜ್ಜೆ ದೂರದಲ್ಲಿದೆ. ಬಾಕ್ಸಿಂಗಿನಲ್ಲೂ ಬಿದ್ದ ಗಾರ್ಡನ್ನು ತೊಳೆದೇ ಮತ್ತೆ ತೊಡಿಸುವುದು ಕ್ರಮ.

ದೋಷಪತ್ತೆ

*ಗಾರ್ಡ್ ಸಡಿಲವಾಗಿದೆ.* ಮಗುವಿಗೆ ವಯಸ್ಸೆಷ್ಟು? ಹಾಲುಹಲ್ಲು ಬಿದ್ದು ಹೊಸತು ಬರುತ್ತಿರುವ ಕಾಲವಾದರೆ ಸಡಿಲವಾದದ್ದು ಗಾರ್ಡಲ್ಲ, ಬದಲಾದದ್ದು ಬಾಯಿ. ಅಂಗಿ ಚಡ್ಡಿ ಗಿಡ್ಡವಾದ ಹಾಗೇ ಇದೂ. ಹೊಸದು ಬೇಕು. ಹಳೆಯದನ್ನು ತಮ್ಮನಿಗೆ ದಾಟಿಸುವ ನಮ್ಮ ಪರಂಪರೆ ಇಲ್ಲಿ ನಿಲ್ಲಲಿ.

*ಬಿಗಿಯಾಗಿದೆ, ಹೋದ ತಿಂಗಳು ಸರಿಯಿತ್ತು.* ಮನೆಯಲ್ಲಿ ಯಾರೋ ಬಿಸಿನೀರಲ್ಲಿ ತೊಳೆದಿದ್ದಾರೆ. ಯಾರೆಂದು ವಿಚಾರಣೆ ನಡೆಸಬೇಡಿ, ನಿಮಗೆ ಉತ್ತರ ಗೊತ್ತಿದೆ, ಅವರಿಗೆ ಎಪ್ಪತ್ತೆಂಟು ವರ್ಷ.

*ಒಸಡಿನಲ್ಲಿ ಉರಿ.* ಬೆರಳು ಆಡಿಸಿ ನೋಡಿ. ಅಂಚು ಗರಗಸವಾಗಿದ್ದರೆ ತೊಡಬೇಡಿ. ಉಗುರು ಕತ್ತರಿಯಿಂದ ನೀವೇ ಕತ್ತರಿಸಿ ಹೊಸ ಗರಗಸ ಮಾಡಬೇಡಿ. ಹಲ್ಲಿನ ಡಾಕ್ಟರ ಬಳಿ ಹೋಗುವಾಗ ಗಾರ್ಡನ್ನೂ ಒಯ್ಯಿರಿ. ಚಪ್ಪಲಿ ಹೊಲಿಸುವಾಗ ಎರಡೂ ಕಾಲಿನದು ಒಯ್ಯುತ್ತೀರಿ. ಹಲ್ಲು ತೋರಿಸುವಾಗ ಹಲ್ಲು ಮಾತ್ರ.

*ಹಳದಿ ಬಣ್ಣಕ್ಕೆ ತಿರುಗಿದೆ, ಬೇರೆ ಕೇಡಿಲ್ಲ.* ಚಹಾ ಕುಡಿದು ತೊಟ್ಟಿದ್ದಾರೆ. ನಡೆಯುತ್ತದೆ.

*ಮಗಳು ತೊಡಲು ಒಪ್ಪುವುದಿಲ್ಲ, ಉಸಿರು ಕಟ್ಟುತ್ತದೆ ಎನ್ನುತ್ತಾಳೆ.* ಓದುವಾಗ, ಟಿವಿ ನೋಡುವಾಗ ಸ್ವಲ್ಪ ಸ್ವಲ್ಪ ಹೊತ್ತು ತೊಟ್ಟು ರೂಢಿಯಾಗಲಿ. ಆ ಹೊತ್ತಿನಲ್ಲಿ ಊರಿನಿಂದ ದೊಡ್ಡಮ್ಮನ ಫೋನು ಬಂದರೆ ನೀವೇ ಮಾತಾಡಿ.

ಗಾರ್ಡ್ ಮನೆಯಲ್ಲೇ ಉಳಿದ ದಿನ

ಈ ಒಂದು ವಿಭಾಗದಲ್ಲಿ ತಮಾಷೆ ಇಲ್ಲ. ಗಾರ್ಡ್ ಇಲ್ಲದೆ ಆಡಿ, ಪೆಟ್ಟು ಬಿದ್ದು, ಶಾಶ್ವತ ಹಲ್ಲು ಬುಡಸಹಿತ ಹೊರಬಂದರೆ ಗಾಬರಿಯಾಗದೆ ಹಲ್ಲನ್ನು ಹುಡುಕಿ. ಹಿಡಿಯಬೇಕಾದ್ದು ಕಚ್ಚುವ ಭಾಗವನ್ನು. ಬೇರನ್ನು ಮುಟ್ಟಬಾರದು, ಉಜ್ಜಬಾರದು, ಬಟ್ಟೆಯಲ್ಲಿ ಒರೆಸಬಾರದು. ಬೇರಿಗೆ ಅಂಟಿಕೊಂಡಿರುವ ಜೀವಕೋಶಗಳು ಬದುಕಿದ್ದರೆ ಮಾತ್ರ ಹಲ್ಲು ಮತ್ತೆ ಬೇರೂರುತ್ತದೆ. ಒಣಗಿದರೆ ಅವು ಸಾಯುತ್ತವೆ. ಮಣ್ಣು ಮೆತ್ತಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಒಂದು ಕ್ಷಣ ಜಾಲಾಡಿಸಿ. ದೊಡ್ಡ ಮಕ್ಕಳಾದರೆ ಅದೇ ಗುಣಿಗೆ ಮೆಲ್ಲಗೆ ಕೂರಿಸಿ ಕರವಸ್ತ್ರ ಕಚ್ಚಿಸಬಹುದು. ಧೈರ್ಯ ಬಾರದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ. ನೀರಿನಲ್ಲಿ ನೆನೆಹಾಕಬೇಡಿ, ಕಾಗದದಲ್ಲಿ ಸುತ್ತಬೇಡಿ. ಪಾರ್ಲೆಯ ಯಾವ ಮೂಲೆಯಲ್ಲಿ ನಿಂತರೂ ಹಾಲಿನ ಪ್ಯಾಕೆಟ್ಟು ಮಾರುವ ಅಂಗಡಿ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದೆ. ಅಲ್ಲಿಂದ ನೇರ ದಂತವೈದ್ಯರಲ್ಲಿಗೆ, ಅರ್ಧ ಗಂಟೆಯೊಳಗೆ ತಲುಪಿದರೆ ಉತ್ತಮ, ಒಂದು ಗಂಟೆ ಮೀರಿದಷ್ಟೂ ಆಸೆ ಕಡಿಮೆ. ಹೈವೇಯ ಟ್ರಾಫಿಕ್ಕನ್ನು ಲೆಕ್ಕಕ್ಕೆ ಹಿಡಿದು ಹತ್ತಿರದವರನ್ನೇ ಆರಿಸಿಕೊಳ್ಳಿ, ಹೆಸರುವಾಸಿಯವರನ್ನಲ್ಲ. ಬಿದ್ದದ್ದು ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು, ಆದರೆ ತೋರಿಸಲೇಬೇಕು.

ಖಾತರಿ

ಗಾರ್ಡ್ ಎಷ್ಟು ಕಾಲ ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ದಿನವೂ ಆಡುವವರಿಗೆ ಒಂದು ಋತು. ಬೆಳೆಯುವ ಮಕ್ಕಳಿಗೆ ಅದಕ್ಕಿಂತ ಮೊದಲೇ ಅಳತೆ ತಪ್ಪಬಹುದು. ಸೀಳಿದ್ದರೆ, ತೆಳುವಾಗಿದ್ದರೆ, ಬಾಯಿ ತೆರೆದಾಗ ಕೆಳಗೆ ಬಿದ್ದರೆ ಅದರ ಆಯುಸ್ಸು ಮುಗಿಯಿತು, ತಿಂಗಳ ಲೆಕ್ಕ ನೋಡಬೇಕಾಗಿಲ್ಲ. ಈ ಕೆಳಗಿನ ಸಂದರ್ಭಗಳಲ್ಲಿ ಖಾತರಿ ಅನ್ವಯಿಸುವುದಿಲ್ಲ: ಕುಕ್ಕರಿನಲ್ಲಿ ಅನ್ನದ ಜೊತೆ ಇಟ್ಟು ಸೀಟಿ ಹೊಡೆಸಿದ್ದು, ನಾಯಿ ಅಗಿದದ್ದು (ನಾಯಿಗೆ ಇದರ ಮೇಲೆ ವಿಶೇಷ ಪ್ರೀತಿ, ಎಂಜಲು ಅದಕ್ಕೆ ಸಮಸ್ಯೆಯಲ್ಲ), ಗಣಪತಿ ಹಬ್ಬದ ಮುಂಚೆ ಮನೆ ತೊಳೆಯುವಾಗ ‘ಇದೆಂತ ಮಾರಾಯ, ಹಳೇ ರಬ್ಬರ್’ ಎಂದು ರದ್ದಿಯವನಿಗೆ ಹೋದದ್ದು.

ಓದುಗರಲ್ಲಿ ಒಂದೇ ವಿನಂತಿ. ಕೈಪಿಡಿಯನ್ನು ಮಡಚಿ ಇಡುವ ಮೊದಲು ಬಾಗಿಲ ಹಿಂದೆ ನೇತಾಡುತ್ತಿರುವ ಆಟದ ಚೀಲವನ್ನು ಇಳಿಸಿ, ಅದರ ಪಕ್ಕದ ಜೇಬಿಗೆ ಕೈ ಹಾಕಿ ನೋಡಿ. ಅದಕ್ಕೂ ಮೊದಲು ಕಿಟಕಿ ತೆರೆಯಿರಿ.